ಗಾಡಿ ಓಡಿಸುವಾಗ ತೂಕಡಿಕೆ: ಟೀ ಕುಡಿದರೆ ಸಾಕೇ, ತಪಾಸಣೆ ಬೇಕೇ?

ಓದುಗರ ಪ್ರಶ್ನೆ

ನನಗೆ 41 ವರ್ಷ. ಊರು ತೀರ್ಥಹಳ್ಳಿ ಕಡೆ, ಕೆಲಸ ಶಿವಮೊಗ್ಗದಲ್ಲಿ. ಓನರ್ ಒಬ್ಬರ 12 ಸೀಟಿನ ಟಿಟಿ (ಟೆಂಪೋ ಟ್ರಾವೆಲರ್) ಓಡಿಸುತ್ತೇನೆ. ವಾರದ ದಿನಗಳಲ್ಲಿ ಶಾಲೆ ಮಕ್ಕಳ ಟ್ರಿಪ್, ಶುಕ್ರವಾರದಿಂದ ಟೂರಿಸ್ಟ್ ಡ್ಯೂಟಿ. ಶುಕ್ರವಾರ ಬೆಳಗ್ಗೆ ಐದೂವರೆಗೆ ಎದ್ದು ಶಾಲೆ ಟ್ರಿಪ್ ಮುಗಿಸಿ, ಮಧ್ಯಾಹ್ನ ಖಾಲಿ ಗಾಡಿಯಲ್ಲಿ ಬೆಂಗಳೂರಿಗೆ ಹೋಗಿ, ರಾತ್ರಿ ಹತ್ತಕ್ಕೆ ಪಾರ್ಟಿ, ಅಂದರೆ ಟೂರಿಸ್ಟರನ್ನು, ಹತ್ತಿಸಿಕೊಂಡು ವಾಪಸು ಹೊರಡುತ್ತೇನೆ. ಶನಿವಾರ ಜೋಗ, ಸಿಗಂದೂರು, ರಾತ್ರಿ ಕೊಲ್ಲೂರು. ಭಾನುವಾರ ಉಡುಪಿ, ಆಗುಂಬೆ, ಶೃಂಗೇರಿ ಮುಗಿಸಿ ಸೋಮವಾರ ಬೆಳಗಾಗುವುದರೊಳಗೆ ಬೆಂಗಳೂರಿನಲ್ಲಿ ಇಳಿಸಬೇಕು.

ಹೋದ ತಿಂಗಳು ಬೆಳಗಿನ ಜಾವ ನಾಲ್ಕರ ಸುಮಾರಿಗೆ ತರೀಕೆರೆ ದಾಟಿ ಭದ್ರಾವತಿ ಕಡೆ ಬರುವಾಗ ಕಣ್ಣು ಮುಚ್ಚಿಹೋಯಿತು. ಎಡಗಡೆ ಚಕ್ರ ರಸ್ತೆಯಿಂದ ಇಳಿದ ಸದ್ದಿಗೆ ಎಚ್ಚರವಾಯಿತು. ಹಿಂದೆ ಹನ್ನೊಂದು ಜನ ಮಲಗಿದ್ದರು. ಅದಾದ ಮೇಲೆ ಇನ್ನೊಂದು ಸಲ ಹೀಗೇ ಆಯಿತು. ಟೀ, ಎಲೆ ಅಡಿಕೆ ಹೊಗೆಸೊಪ್ಪು ಇದ್ದೇ ಇದೆ, ಆದರೂ ತಡೆಯುತ್ತಿಲ್ಲ. ಕೆಲವೊಮ್ಮೆ ಆಗುಂಬೆ ಹತ್ತುವಾಗ ಮಧ್ಯಾಹ್ನ ಕೈ ನಡುಕ, ಬೆವರು, ತಲೆ ಖಾಲಿಯಾದಂತೆ ಆಗುತ್ತದೆ. ಮೇಲೆ ಬಂದು ಮುರುಗಲು ಶರಬತ್ತು ಕುಡಿದರೆ ಹತ್ತು ನಿಮಿಷಕ್ಕೆ ಸರಿಹೋಗುತ್ತದೆ, ಪಿತ್ತ ಇರಬೇಕು ಅಂದುಕೊಂಡಿದ್ದೇನೆ. ಎರಡು ವರ್ಷದಿಂದ ಶುಗರ್ ಇದೆ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಸೇರಿದ ಮಾತ್ರೆ ಬೆಳಗ್ಗೆ ತೆಗೆದುಕೊಳ್ಳುತ್ತೇನೆ. ಇದನ್ನೆಲ್ಲ ಡಾಕ್ಟರಿಗೆ ಹೇಳಿದರೆ ಲೈಸೆನ್ಸ್ ಹೋಗುತ್ತದಾ? ಸೊಂಟ ನೋವಿಗೆ ಬೆಲ್ಟ್ ಹಾಕಿದರೆ ಒಳ್ಳೆಯದಾ? ಇನ್ನೊಂದು ಮಾತು, ಗೊರಕೆ ಜೋರು ಅಂತ ಮನೆಯವಳು ಬೈಯುತ್ತಾಳೆ. ನಡುವೆ ಉಸಿರು ನಿಂತು ಆಮೇಲೆ ಬುಸ್ ಅಂತ ಎಳೆದುಕೊಳ್ಳುತ್ತೀರಿ ಅನ್ನುತ್ತಾಳೆ. ರಜೆ ದಿನ ಒಂಬತ್ತು ಗಂಟೆ ಮಲಗಿದರೂ ಜಡ ಹೋಗುವುದಿಲ್ಲ. ತೂಕ 92 ಕೆ.ಜಿ., ಎತ್ತರ ಐದು ಅಡಿ ಆರು ಇಂಚು.

ಉತ್ತರ

ನೀವು ಕೊನೆಗೆ, ಹೇಳಲೋ ಬೇಡವೋ ಎಂಬಂತೆ ಸೇರಿಸಿದ ಗೊರಕೆಯ ಮಾತು ಇಡೀ ಪತ್ರದಲ್ಲೇ ಮುಖ್ಯವಾದದ್ದು. ನಿಮ್ಮ ಮನೆಯವರು ಬೈಯುತ್ತಿಲ್ಲ, ವೈದ್ಯರು ರಾತ್ರಿಯೆಲ್ಲ ಕೂತು ನೋಡಬೇಕಾದ್ದನ್ನು ನೋಡಿ ಹೇಳುತ್ತಿದ್ದಾರೆ. ಆ ಮಾತಿಗೆ ಬರುತ್ತೇನೆ. ಅದಕ್ಕೆ ಮುಂಚೆ ಒಂದು ವಿಷಯ ಬೇರ್ಪಡಿಸಬೇಕು. ನಿಮಗೆ ಆಗುತ್ತಿರುವುದು ಒಂದೇ ತೊಂದರೆಯಲ್ಲ. ಬೆಳಗಿನ ಜಾವ ಭದ್ರಾವತಿ ರಸ್ತೆಯಲ್ಲಿ ಆದದ್ದು ನಿದ್ದೆ. ಮಧ್ಯಾಹ್ನ ಆಗುಂಬೆಯಲ್ಲಿ ಆಗುವುದು ಬಹುಮಟ್ಟಿಗೆ ರಕ್ತದಲ್ಲಿ ಸಕ್ಕರೆ ಇಳಿಯುವುದು. ಎರಡಕ್ಕೂ ಕಾರಣ ಬೇರೆ, ಪರಿಹಾರ ಬೇರೆ. ಎರಡನ್ನೂ 'ಸುಸ್ತು' ಎಂಬ ಒಂದೇ ಹೆಸರಿನಲ್ಲಿ ಕರೆದು ಟೀ ಕುಡಿಯುತ್ತಿರುವುದರಿಂದ ಎರಡೂ ಉಳಿದುಕೊಂಡಿವೆ.

ಮೊದಲು ನಿದ್ದೆಯ ಲೆಕ್ಕ. ನೀವು ಶುಕ್ರವಾರ ಐದೂವರೆಗೆ ಎದ್ದವರು ರಾತ್ರಿ ಹತ್ತೂವರೆಗೆ 17 ಗಂಟೆ ಎಚ್ಚರವಿದ್ದಂತಾಯಿತು. ಆಗ ನಿಮ್ಮ ಗಾಡಿ ಇನ್ನೂ ನೆಲಮಂಗಲವನ್ನೂ ದಾಟಿರುವುದಿಲ್ಲ. 1997ರಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದ ಒಂದು ಅಧ್ಯಯನದಲ್ಲಿ, 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ 0.05 ಶೇಕಡಾ ಮದ್ಯ ಇರುವವರಷ್ಟೇ ಕುಸಿದಿತ್ತು. 24 ಗಂಟೆಯ ಹೊತ್ತಿಗೆ ಅದು 0.10 ಶೇಕಡಾ ಮದ್ಯದ ಮಟ್ಟಕ್ಕೆ ಬಂದಿತ್ತು. ನಮ್ಮ ಕಾನೂನಿನಲ್ಲಿ ಗಾಡಿ ಓಡಿಸುವವರಿಗೆ ಇರುವ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ 0.03 ಶೇಕಡಾ. ಒಂದು ಹನಿ ಮುಟ್ಟದೆಯೂ ಪಾರ್ಟಿ ಹತ್ತಿಸಿಕೊಳ್ಳುವ ಹೊತ್ತಿಗೇ ನೀವು ಆ ಗೆರೆ ದಾಟಿದವರ ಸ್ಥಿತಿಯಲ್ಲಿರುತ್ತೀರಿ. ತರೀಕೆರೆ ದಾಟುವಾಗ 22 ಗಂಟೆ ಮೀರಿರುತ್ತದೆ.

ಅದರ ಮೇಲೆ ಸಮಯವೂ ಕೆಟ್ಟದ್ದು. ಮೈಗೆ ತನ್ನದೇ ಗಡಿಯಾರವಿದೆ. ರಾತ್ರಿ ಎರಡರಿಂದ ಬೆಳಗ್ಗೆ ಆರರವರೆಗೆ ಅದು ಎಚ್ಚರವನ್ನು ಅತಿ ಕೆಳಕ್ಕೆ ಇಳಿಸುತ್ತದೆ, ಮಧ್ಯಾಹ್ನ ಒಂದರಿಂದ ನಾಲ್ಕರ ನಡುವೆ ಇನ್ನೊಂದು ಚಿಕ್ಕ ಇಳಿತ. ಎಷ್ಟು ವರ್ಷ ರಾತ್ರಿ ಡ್ಯೂಟಿ ಮಾಡಿದರೂ ಈ ಗಡಿಯಾರ ಪೂರ್ತಿ ತಿರುಗುವುದಿಲ್ಲ. ಅದರಲ್ಲೂ ನಿಮ್ಮ ಹಾಗೆ ವಾರದಲ್ಲಿ ನಾಲ್ಕು ದಿನ ಹಗಲು, ಮೂರು ದಿನ ರಾತ್ರಿ ಎಂದು ಕಲಸಿದರೆ ಅದಕ್ಕೆ ದಿಕ್ಕೇ ತೋಚುವುದಿಲ್ಲ.

'ನನಗೆ ಅಭ್ಯಾಸ ಆಗಿಬಿಟ್ಟಿದೆ, ನಾಲ್ಕು ಗಂಟೆ ಮಲಗಿದರೆ ಸಾಕು' ಎನ್ನುವ ಮಾತು ತಪಾಸಣೆಗೆ ಬರುವ ಚಾಲಕರಲ್ಲಿ ಹೆಚ್ಚುಕಡಿಮೆ ಎಲ್ಲರ ಬಾಯಲ್ಲೂ ಇದೆ. ಅವರು ಸುಳ್ಳು ಹೇಳುತ್ತಿಲ್ಲ, ಅವರಿಗೆ ಹಾಗೆಯೇ ಅನಿಸುತ್ತದೆ. 2003ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಎರಡು ವಾರ ದಿನಕ್ಕೆ ಆರು ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗಿದವರ ಗಮನಶಕ್ತಿ, ಒಂದೆರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಇಳಿದಿತ್ತು. ಆದರೆ ತಮಗೆ ಎಷ್ಟು ನಿದ್ದೆ ಬರುತ್ತಿದೆ ಎಂದು ಕೇಳಿದರೆ ಅವರು ಮೊದಲ ಕೆಲವು ದಿನ ಹೇಳಿದ್ದಕ್ಕಿಂತ ಹೆಚ್ಚೇನೂ ಹೇಳುತ್ತಿರಲಿಲ್ಲ. ಅಭ್ಯಾಸವಾಗುವುದು ನಿದ್ದೆ ಬರುತ್ತಿದೆ ಎಂಬ ಅರಿವು ಕಳೆದುಕೊಳ್ಳುವುದಕ್ಕೆ. ಕೆಲಸ ಕೆಡುವುದು ಕೆಡುತ್ತಲೇ ಹೋಗುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ ನಮ್ಮ ಮಲೆನಾಡಿನದು. ಎಲ್ಲರೂ ಘಾಟಿಗೆ ಹೆದರುತ್ತಾರೆ. ಆಗುಂಬೆಯ 14 ಹಿಮ್ಮುರಿ ತಿರುವು, ಹುಲಿಕಲ್ ಘಾಟಿಯ ಮಂಜು, ಇವೆಲ್ಲ ಅಪಾಯವೇ. ಆದರೆ ತಿರುವಿನಲ್ಲಿ ಕೈ, ಕಾಲು, ಕಣ್ಣು ಮೂರಕ್ಕೂ ಕೆಲಸವಿರುವುದರಿಂದ ನಿದ್ದೆ ಅಲ್ಲಿ ಸ್ವಲ್ಪ ಹಿಂದೆ ಸರಿದಿರುತ್ತದೆ. ಅದು ಮುಗಿಬೀಳುವುದು ಘಾಟಿ ಮುಗಿದ ಮೇಲೆ. ಸೋಮೇಶ್ವರ ದಾಟಿ ಹೆಬ್ರಿ ಕಡೆ ಕಾಡಿನ ನಡುವೆ ರಸ್ತೆ ನೇರವಾದಾಗ, ಅಥವಾ ನಿಮಗಾದಂತೆ ಕಡೂರು, ತರೀಕೆರೆ ಕಡೆಯ ಅಗಲವಾದ ನುಣುಪು ರಸ್ತೆಯಲ್ಲಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ 16-17 ಮೀಟರ್ ಹೋಗುತ್ತದೆ. ನಾಲ್ಕು ಸೆಕೆಂಡು ಕಣ್ಣು ಮುಚ್ಚಿದರೆ 65 ಮೀಟರಿಗೂ ಹೆಚ್ಚು ದೂರ ಗಾಡಿಗೆ ಚಾಲಕನೇ ಇಲ್ಲ. ತಲೆ ವಾಲುವುದು ಮುನ್ಸೂಚನೆ ಎಂದುಕೊಳ್ಳಬೇಡಿ. ಮುನ್ಸೂಚನೆಗಳು ಅದಕ್ಕೆ ಅರ್ಧ ಗಂಟೆ ಮೊದಲೇ ಬಂದಿರುತ್ತವೆ: ಕಳೆದ ನಾಲ್ಕೈದು ಕಿಲೋಮೀಟರ್ ಹೇಗೆ ಬಂದೆ ಎಂಬುದು ನೆನಪಿಗೆ ಬಾರದಿರುವುದು, ಬೋರ್ಡ್ ಕಂಡರೂ ಓದದೆ ಮುಂದೆ ಹೋಗುವುದು, ಬಿಳಿ ಪಟ್ಟಿಯ ಕಡೆ ಗಾಡಿ ಸರಿಯುವುದು, ಎದುರಿನ ಗಾಡಿಗೆ ಡಿಮ್ ಕೊಡಲು ತಡವಾಗುವುದು, ಕಾರಣವಿಲ್ಲದೆ ಸಿಟ್ಟು.

ಗಾಜು ಇಳಿಸುವುದು, ಮುಖಕ್ಕೆ ನೀರು, ಹಾಡು ಜೋರಾಗಿ ಹಾಕುವುದು, ಫೋನಿನಲ್ಲಿ ಹರಟುವುದು, ಇವು ಕೆಲವೇ ನಿಮಿಷದ ಆಟ. ಎಲೆ ಅಡಿಕೆ, ಹೊಗೆಸೊಪ್ಪು ಮೈಯನ್ನು ಸ್ವಲ್ಪ ಹೊತ್ತು ಬಿಸಿಯಾಗಿಡುತ್ತವೆ ನಿಜ. ನಿದ್ದೆಯ ಸಾಲ ತೀರಿಸುವುದಿಲ್ಲ. ಅಡಿಕೆ ನಮ್ಮ ಊರಿನ ಅನ್ನ, ಅದರ ಬಗ್ಗೆ ಹಗುರವಾಗಿ ಮಾತಾಡುವ ಮನಸ್ಸು ನನಗಿಲ್ಲ. ಆದರೆ ರಾತ್ರಿಯಿಡೀ ದವಡೆಯಲ್ಲಿ ಇಟ್ಟುಕೊಳ್ಳುವವರ ಬಾಯಿ ಬಿಗಿಯುತ್ತಾ ಬರುವುದನ್ನು ನೋಡಿಯೂ ಸುಮ್ಮನಿರಲಾಗದು. ನಿಮ್ಮ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಇಟ್ಟು ನೋಡಿ. ಹಿಡಿಸದಿದ್ದರೆ, ಖಾರ ತಿಂದಾಗ ಒಳಗೆ ಉರಿಯುತ್ತಿದ್ದರೆ ದಂತವೈದ್ಯರಿಗೆ ತೋರಿಸಿ.

ಟೀ, ಕಾಫಿಯ ಮಾತು ಬೇರೆ. ಅದರಲ್ಲಿನ ಕೆಫೀನ್ ನಿಜವಾಗಿ ಕೆಲಸ ಮಾಡುತ್ತದೆ, ಆದರೆ ಕುಡಿದ 20-30 ನಿಮಿಷದ ಮೇಲೆ. ಕುಡಿದ ಕೂಡಲೇ ಸೀಟಿಗೆ ಹತ್ತಿದರೆ ಆ ಅರ್ಧ ಗಂಟೆ ನಿಮಗೆ ಯಾವ ಕಾಪೂ ಇಲ್ಲ. ಇದನ್ನೇ ಅನುಕೂಲಕ್ಕೆ ತಿರುಗಿಸಿಕೊಳ್ಳಬಹುದು. ಬೆಳಕಿರುವ ಪೆಟ್ರೋಲ್ ಬಂಕ್ ಅಥವಾ ಹೋಟೆಲಿನ ಅಂಗಳಕ್ಕೆ ಗಾಡಿ ತನ್ನಿ. ರಸ್ತೆ ಅಂಚಿನಲ್ಲಿ, ಅದರಲ್ಲೂ ಮಂಜಿನಲ್ಲಿ ನಿಲ್ಲಿಸಬೇಡಿ, ಹಿಂದಿನ ಲಾರಿಯವರಿಗೂ ನಿಮ್ಮಷ್ಟೇ ನಿದ್ದೆ ಇರುತ್ತದೆ. ಒಂದು ಸ್ಟ್ರಾಂಗ್ ಕಾಫಿ, ನಿಮ್ಮ ವಿಷಯದಲ್ಲಿ ಸಕ್ಕರೆ ಇಲ್ಲದೆ, ಬೇಗ ಕುಡಿದು, 20 ನಿಮಿಷಕ್ಕೆ ಅಲಾರಂ ಇಟ್ಟು ಕಣ್ಣು ಮುಚ್ಚಿ. ಎದ್ದ ಮೇಲೆ ಐದು-ಹತ್ತು ನಿಮಿಷ ಗಾಡಿ ಸುತ್ತ ಓಡಾಡಿ, ಟೈರ್ ನೋಡಿ, ಗಾಜು ಒರೆಸಿ, ಆಮೇಲೆ ಸ್ಟೇರಿಂಗ್ ಹಿಡಿಯಿರಿ. 40-50 ನಿಮಿಷ ಮಲಗಿ ಎದ್ದರೆ ಗಾಢ ನಿದ್ದೆಯ ನಡುವೆ ಎಬ್ಬಿಸಿದಂತಾಗಿ ತಲೆ ಇನ್ನಷ್ಟು ಮಂಕಾಗುತ್ತದೆ. ಹಾಗಾಗಿ ಒಂದೋ 20 ನಿಮಿಷ, ಇಲ್ಲವೇ ಒಂದೂವರೆ ಗಂಟೆಯ ಪೂರ್ತಿ ನಿದ್ದೆ. ಇದರಿಂದ ಸಿಗುವುದು ಒಂದೆರಡು ಗಂಟೆ ಮಾತ್ರ. ಹತ್ತಿರದ ಊರು ಸೇರಲು ಸಾಕು, ರಾತ್ರಿ ದೂಡಲು ಸಾಲದು.

ಗಾಡಿಯಲ್ಲಿ ಮಲಗುವಾಗ ಎಂಜಿನ್ ಚಾಲೂ ಇಟ್ಟು, ಗಾಜು ಏರಿಸಿ, ಏಸಿ ಹಾಕಿಕೊಳ್ಳುವ ರೂಢಿ ಇದ್ದರೆ ದಯವಿಟ್ಟು ಇಂದೇ ಬಿಡಿ. ಹೊಗೆಕೊಳವೆಯಲ್ಲಿ ಸಣ್ಣ ಸೀಳಿದ್ದರೂ ಕಾರ್ಬನ್ ಮೊನಾಕ್ಸೈಡ್ ಒಳಗೆ ಸೇರುತ್ತದೆ. ಅದಕ್ಕೆ ವಾಸನೆಯಿಲ್ಲ, ಮಲಗಿದವರಿಗೆ ಗೊತ್ತೂ ಆಗುವುದಿಲ್ಲ. ಎಂಜಿನ್ ಬಂದ್ ಮಾಡಿ, ಎರಡು ಕಡೆ ಗಾಜು ನಾಲ್ಕು ಬೆರಳು ಇಳಿಸಿ, ಸೊಳ್ಳೆಗೆ ತೆಳು ಪರದೆ ಕಟ್ಟಿಕೊಳ್ಳಿ.

ಈಗ ಗೊರಕೆ. ಮಲಗಿದಾಗ ಗಂಟಲಿನ ಸ್ನಾಯು ಸಡಿಲವಾಗಿ ಗಾಳಿ ಹೋಗುವ ದಾರಿ ಕಿರಿದಾದರೆ ಗೊರಕೆ, ಪೂರ್ತಿ ಮುಚ್ಚಿಕೊಂಡರೆ ಉಸಿರು ನಿಲ್ಲುತ್ತದೆ. ಈ ಕಾಯಿಲೆಗೆ ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತಿದ್ದಂತೆ ಮೆದುಳು ಗಾಬರಿಯಾಗಿ ಕ್ಷಣಹೊತ್ತು ಎಬ್ಬಿಸುತ್ತದೆ. ನಿಮ್ಮ ಮನೆಯವರು ಕೇಳುವ 'ಬುಸ್' ಸದ್ದು ಅದೇ. ನಿಮಗೆ ಎದ್ದದ್ದು ನೆನಪಿರುವುದಿಲ್ಲ. ಗಂಟೆಗೆ 20-30 ಸಲ ಹೀಗಾದರೆ ಒಂಬತ್ತು ಗಂಟೆ ಹಾಸಿಗೆಯಲ್ಲಿದ್ದರೂ ಗಾಢ ನಿದ್ದೆ ಸಿಕ್ಕಿರುವುದಿಲ್ಲ. ರಜೆಯಲ್ಲೂ ಜಡ ಹೋಗುವುದಿಲ್ಲ ಎಂದಿರಲ್ಲ, ಬರೀ ಡ್ಯೂಟಿಯ ಆಯಾಸವಾಗಿದ್ದರೆ ಎರಡು ಮೂರು ರಾತ್ರಿ ಚೆನ್ನಾಗಿ ಮಲಗಿದ ಮೇಲೆ ಹಗುರವಾಗಬೇಕಿತ್ತು. ನಿಮ್ಮ ಎತ್ತರಕ್ಕೆ 92 ಕೆ.ಜಿ. ಹೆಚ್ಚು. ಅಂಗಿಯ ಕಾಲರ್ 17 ಇಂಚು ಅಥವಾ ಮೇಲಿದ್ದರೆ ಅನುಮಾನ ಇನ್ನೂ ಗಟ್ಟಿಯಾಗುತ್ತದೆ. ಬೆಳಗ್ಗೆ ಎದ್ದಾಗ ತಲೆನೋವು, ಬಾಯಿ ಒಣಗುವುದು, ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುವುದು, ಮಾತ್ರೆಗೆ ಬಗ್ಗದ ಬಿ.ಪಿ. ಇದ್ದರೆ ಅವನ್ನೂ ವೈದ್ಯರಿಗೆ ಹೇಳಿ. ಶುಗರ್ ಇರುವವರಲ್ಲಿ ಇದು ಹೆಚ್ಚು, ಮತ್ತು ಇದು ಇದ್ದರೆ ಶುಗರ್ ಹತೋಟಿಗೆ ಬರುವುದು ಕಷ್ಟ.

ಇದನ್ನು ಖಚಿತ ಮಾಡುವುದು ನಿದ್ರಾ ಪರೀಕ್ಷೆ. ಒಂದು ರಾತ್ರಿ ಆಸ್ಪತ್ರೆಯಲ್ಲಿ ಅಥವಾ ಸಣ್ಣ ಉಪಕರಣ ಕಟ್ಟಿಕೊಂಡು ಮನೆಯಲ್ಲೇ ಮಲಗಿದಾಗ ಉಸಿರು, ಆಮ್ಲಜನಕ, ಎದೆಬಡಿತ ದಾಖಲಾಗುತ್ತವೆ. ಉಸಿರು ನಿಲ್ಲುವ ಅಥವಾ ಇಳಿಯುವ ಸಂಖ್ಯೆ ಗಂಟೆಗೆ 5ರಿಂದ 15 ಇದ್ದರೆ ಸೌಮ್ಯ, 30ರವರೆಗೆ ಮಧ್ಯಮ, ಅದರ ಮೇಲೆ ತೀವ್ರ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ಮೊದಲು ತೋರಿಸಿ, ಮೂಗಿನ ಎಲುಬು ಅಥವಾ ಟಾನ್ಸಿಲ್ ಅಡ್ಡಿಯಿದೆಯೇ ತಿಳಿದು, ಪರೀಕ್ಷೆ ಎಲ್ಲಿ ಎಂದು ಅವರಿಂದಲೇ ಬರೆಸಿಕೊಳ್ಳಿ. ಹೋಗುವಾಗ ಮನೆಯವರನ್ನು ಕರೆದುಕೊಂಡು ಹೋಗಿ. ಆಗದಿದ್ದರೆ ಅವರ ಫೋನಿನಲ್ಲಿ ನಿಮ್ಮ ಗೊರಕೆಯ ಎರಡು ನಿಮಿಷದ ವೀಡಿಯೊ ಇರಲಿ.

ಮಧ್ಯಮ, ತೀವ್ರ ಹಂತಕ್ಕೆ ಹೆಚ್ಚು ನೆಚ್ಚಬಹುದಾದ ಚಿಕಿತ್ಸೆ ಸಿಪ್ಯಾಪ್ ಯಂತ್ರ. ಮೂಗಿನ ಮೇಲಿನ ಮಾಸ್ಕ್ ಮೂಲಕ ಒತ್ತಡದ ಗಾಳಿ ಕೊಟ್ಟು ಗಂಟಲು ಮುಚ್ಚದಂತೆ ನೋಡಿಕೊಳ್ಳುತ್ತದೆ. ಸರಿಯಾಗಿ ಹೊಂದಿದರೆ ಹಗಲಿನ ತೂಕಡಿಕೆ ಕೆಲವೇ ದಿನಗಳಲ್ಲಿ ಕಡಿಮೆಯಾಗುತ್ತದೆ. ತೊಂದರೆಗಳೂ ಇವೆ. ಮೊದಲೆರಡು ವಾರ ಮಾಸ್ಕ್ ಕಿರಿಕಿರಿ, ಮೂಗು ಒಣಗುವುದು, ಬೆಲೆಯೂ ಕಡಿಮೆಯಲ್ಲ. ಹಲವರು ತಿಂಗಳೊಳಗೆ ಅಟ್ಟಕ್ಕೆ ಹಾಕುತ್ತಾರೆ, ಹಾಗಾಗಿ ಕೊಳ್ಳುವ ಮುಂಚೆ ಬಾಡಿಗೆಗೆ ಸಿಗುತ್ತದೆಯೇ ವಿಚಾರಿಸಿ. ಹೊರಗೆ ಮಲಗುವ ನಿಮಗೆ 12 ವೋಲ್ಟ್ ಅಡಾಪ್ಟರ್ ಹಾಕಬಹುದಾದ ಮಾದರಿ ಅನುಕೂಲ. ತೂಕ ಇಳಿಸುವುದು ನಿಧಾನದ ದಾರಿ, ಆದರೆ ಹತ್ತು ಕೆ.ಜಿ. ಇಳಿದರೂ ಗಂಟಲಿನ ಸುತ್ತ ವ್ಯತ್ಯಾಸ ಕಾಣುತ್ತದೆ. ಅಂಗಾತ ಮಲಗದೆ ಮಗ್ಗುಲಾಗುವುದು ಸಹಾಯ ಮಾಡುತ್ತದೆ. ಟ್ರಿಪ್ ಮುಗಿದ ರಾತ್ರಿ 'ನಿದ್ದೆ ಚೆನ್ನಾಗಿ ಬರಲಿ' ಎಂದು ಒಂದು ಪೆಗ್ ಹಾಕುವುದು ಈ ಕಾಯಿಲೆಗೆ ನೇರ ವಿಷ, ಸಡಿಲವಾದ ಗಂಟಲನ್ನು ಅದು ಇನ್ನಷ್ಟು ಸಡಿಲ ಮಾಡುತ್ತದೆ. ನಿದ್ದೆ ಮಾತ್ರೆಯೂ ಹಾಗೆಯೇ. ಮಳೆಗಾಲದಲ್ಲಿ ಮೆಡಿಕಲ್ ಶಾಪಿನಿಂದ ತರುವ ನೆಗಡಿ ಮಾತ್ರೆಯ ಮೇಲೆ ಸಿಟ್ರಿಜಿನ್ ಅಥವಾ ಕ್ಲೋರ್‌ಫೆನಿರಮಿನ್ ಎಂದಿದ್ದರೆ ಅದನ್ನು ನುಂಗಿ ಗಾಡಿ ಹತ್ತಬೇಡಿ. ನಿದ್ದೆ ತರದ ಮಾತ್ರೆ ಕೊಡಿ ಎಂದು ಡಾಕ್ಟರನ್ನೇ ಕೇಳಿ.

ಇನ್ನು ಆಗುಂಬೆಯ 'ಪಿತ್ತ'. ಭಾನುವಾರ ಬೆಳಗ್ಗೆ ಮಾತ್ರೆ ನುಂಗಿ, ಪಾರ್ಟಿಯ ಗಡಿಬಿಡಿಯಲ್ಲಿ ತಿಂಡಿ ಬಿಟ್ಟೋ ಅರ್ಧ ತಿಂದೋ ಹೊರಟಿರುತ್ತೀರಿ ಎಂದು ಊಹಿಸುತ್ತೇನೆ. ನಿಮ್ಮ ಮಾತ್ರೆಯಲ್ಲಿರುವ ಗ್ಲಿಮೆಪಿರೈಡ್, ಊಟ ಮಾಡಿದ್ದೀರೋ ಇಲ್ಲವೋ ನೋಡದೆ ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಮೆಟ್‌ಫಾರ್ಮಿನ್ ಒಂದೇ ಆಗಿದ್ದರೆ ಈ ಭಯ ಬಹಳ ಕಡಿಮೆ. ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ನಡುಕ, ತಣ್ಣನೆ ಬೆವರು, ಎದೆ ಡವಡವ. ಇನ್ನೂ ಇಳಿದರೆ ತಲೆ ಖಾಲಿ, ತಪ್ಪು ನಿರ್ಧಾರ, ಕೊನೆಗೆ ಪ್ರಜ್ಞೆಯೇ ಹೋಗಬಹುದು. ಮುರುಗಲು ಶರಬತ್ತು ಕುಡಿದ ಹತ್ತು ನಿಮಿಷಕ್ಕೆ ಸರಿಹೋಗುವುದೇ ಇದಕ್ಕೆ ದೊಡ್ಡ ಸುಳಿವು. ಗುಣ ಕೊಟ್ಟದ್ದು ಮುರುಗಲು ಅಲ್ಲ, ಅದರೊಳಗಿನ ಸಕ್ಕರೆ. ಸಕ್ಕರೆ ಹಾಕದ ಮುರುಗಲು ನೀರು ಕುಡಿದಿದ್ದರೆ ನೀವು ಆ ದಿನ ಮೇಲೇಳುತ್ತಿರಲಿಲ್ಲವೇನೋ.

ಅನುಮಾನ ಬಗೆಹರಿಸಲು ಬೆರಳ ತುದಿಯ ರಕ್ತ ನೋಡುವ ಗ್ಲುಕೋಮೀಟರ್ ಗಾಡಿಯಲ್ಲಿರಲಿ. ಹೊರಡುವ ಮುಂಚೆ, ಆಮೇಲೆ ಓಡಿಸುತ್ತಿರುವಷ್ಟು ಹೊತ್ತೂ ಎರಡು ಗಂಟೆಗೊಮ್ಮೆ ನೋಡಿ. 90ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿಂದೇ ಹೊರಡಿ. 70ಕ್ಕಿಂತ ಕಡಿಮೆ ಇದ್ದರೆ, ಅಥವಾ ನಡುಕ ಶುರುವಾದರೆ ನೋಡುವ ಮುಂಚೆಯೇ, ಗಾಡಿ ಪಕ್ಕಕ್ಕೆ ಹಾಕಿ ಕೀ ತೆಗೆದು ಮೂರು-ನಾಲ್ಕು ಟೀ ಚಮಚ ಸಕ್ಕರೆ ಅಥವಾ ಗ್ಲುಕೋಸ್ ಪುಡಿ ನೀರಿಗೆ ಕದಡಿ ಕುಡಿಯಿರಿ. ಬಿಸ್ಕತ್ತು, ಚಾಕಲೇಟು ಆಗ ಪ್ರಯೋಜನವಿಲ್ಲ, ಅವುಗಳ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ. 15 ನಿಮಿಷದ ಮೇಲೆ ಮತ್ತೆ ನೋಡಿ, ಏರದಿದ್ದರೆ ಅಷ್ಟೇ ಸಕ್ಕರೆ ಮತ್ತೊಮ್ಮೆ. ಸಂಖ್ಯೆ ಸರಿಯಾದ ಮೇಲೂ 45 ನಿಮಿಷ ಸ್ಟೇರಿಂಗ್ ಮುಟ್ಟಬೇಡಿ. ರಕ್ತ ಸರಿಯಾದಷ್ಟು ಬೇಗ ಮೆದುಳು ಸರಿಯಾಗುವುದಿಲ್ಲ. ಪಾರ್ಟಿಗೆ ಇದು ಒಂದು ಊಟದ ಬಿಡುವು ಅಷ್ಟೆ.

ಇದನ್ನು ಓದಿ ಮಾತ್ರೆಯನ್ನೇ ಬಿಟ್ಟುಬಿಡಬೇಡಿ. ಸಕ್ಕರೆ ಏರಿದರೆ ಊಟದ ನಂತರದ ಮಂಪರು, ಮೂತ್ರದ ಅವಸರ, ಕಣ್ಣು ಮಂಜಾಗುವುದು, ಎಲ್ಲವೂ ಚಾಲಕನಿಗೆ ಕೆಟ್ಟದ್ದೇ. ನಿಮ್ಮ ವೈದ್ಯರಿಗೆ ಎರಡೇ ವಾಕ್ಯ ಹೇಳಿ: 'ನಾನು ಡ್ರೈವರ್. ಊಟದ ಹೊತ್ತು ನನ್ನ ಕೈಯಲ್ಲಿಲ್ಲ.' ಅಷ್ಟು ಗೊತ್ತಾದರೆ ಅವರು ಗ್ಲಿಮೆಪಿರೈಡ್ ಪ್ರಮಾಣ ಇಳಿಸಬಹುದು, ಅಥವಾ ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್‌ನಂತಹ, ತಾವಾಗಿ ಸಕ್ಕರೆಯನ್ನು ಅತಿ ಇಳಿಸದ ಮಾತ್ರೆಗೆ ಬದಲಿಸಬಹುದು. ಡಾಪಾಗ್ಲಿಫ್ಲೋಜಿನ್ ಗುಂಪಿನದೂ ಒಳ್ಳೆಯ ಮಾತ್ರೆಯೇ. ಆದರೆ ಅದು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವುದರಿಂದ ಮೂತ್ರ ಹೆಚ್ಚು, ಗುಪ್ತಾಂಗದಲ್ಲಿ ಬೂಸ್ಟು ಸೋಂಕಿನ ಸಂಭವವೂ ಇದೆ. ಶೌಚಾಲಯ ಸಿಗದೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡುವ ಚಾಲಕನಿಗೆ ಅದು ಹೊಂದುತ್ತದೆಯೇ ಎಂದು ಕೇಳಿ ತಿಳಿದುಕೊಳ್ಳಿ. ಶೃಂಗೇರಿಯ ಪ್ರಸಾದದ ಊಟ ಮಾಡಿ, ಆದರೆ ಅನ್ನ ಒಂದೇ ಸಲ ಹಾಕಿಸಿಕೊಳ್ಳಿ, ಪಾಯಸ ಒಂದು ಗುಟುಕು. ಹೊಟ್ಟೆ ಬಿರಿಯ ಅನ್ನ, ಮಧ್ಯಾಹ್ನ ಎರಡು ಗಂಟೆ, ಎರಡು ರಾತ್ರಿಯ ನಿದ್ದೆಗೇಡು ಮೂರೂ ಸೇರಿದರೆ ಯಾರಿಗೂ ತಡೆಯಲಾಗದು.

ಲೈಸೆನ್ಸ್ ಹೋಗುತ್ತದೆಯೇ ಎಂಬ ಭಯದಿಂದಲೇ ನೀವು ಇಷ್ಟು ದಿನ ಸುಮ್ಮನಿದ್ದಿರಿ ಎನಿಸುತ್ತದೆ. ಟ್ರಾನ್ಸ್‌ಪೋರ್ಟ್ ಲೈಸೆನ್ಸನ್ನು ಈಗ ಐದು ವರ್ಷಕ್ಕೊಮ್ಮೆ ನವೀಕರಿಸುವಾಗ ನಮೂನೆ 1-ಎ ವೈದ್ಯಕೀಯ ಪ್ರಮಾಣಪತ್ರ ಬೇಕು. ಅದರಲ್ಲಿ ಕೇಳುವುದು ದೃಷ್ಟಿ, ಬಣ್ಣ ಗುರುತಿಸುವುದು, ಕಿವಿ, ಕೈಕಾಲು, ಮೂರ್ಛೆ, ತಲೆಸುತ್ತು ಮುಂತಾದವು. ಸಕ್ಕರೆ ಕಾಯಿಲೆ ಹತೋಟಿಯಲ್ಲಿದ್ದರೆ ಆ ಹೆಸರೊಂದೇ ಅಡ್ಡಿಯಾಗುವುದಿಲ್ಲ. ಅಡ್ಡಿಯಾಗುವುದು ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪುವ ಸ್ಥಿತಿ. ಅದನ್ನು ತಡೆಯುವುದಕ್ಕೇ ನೀವು ಈಗ ಡಾಕ್ಟರ ಬಳಿ ಹೋಗಬೇಕು. ಅವರು ನಿಮ್ಮನ್ನು ನೋಡಿದ ಮಾತ್ರಕ್ಕೆ ಆರ್‌ಟಿಒ ಕಚೇರಿಗೆ ಕಾಗದ ಹೋಗುವುದಿಲ್ಲ. ಓಡಿಸಿದರೆ ಜನರಿಗೆ ಅಪಾಯ ತರುವಂತಹ ಅನಾರೋಗ್ಯ ಗೊತ್ತಿದ್ದೂ ಓಡಿಸಿದರೆ, ಅಪಘಾತವಾಗದಿದ್ದರೂ, ಕಾನೂನು ನಿಮ್ಮ ವಿರುದ್ಧ ನಿಲ್ಲುತ್ತದೆ.

ಸೊಂಟದ ಬೆಲ್ಟ್ ಬಗ್ಗೆ ಚಿಕ್ಕದಾಗಿ: ತಿಂಗಳುಗಟ್ಟಲೆ ಹಾಕಿದರೆ ಸ್ನಾಯು ಇನ್ನಷ್ಟು ಸೋಲಬಹುದು. ಬದಲಿಗೆ ಸೀಟ್ ಸರಿಮಾಡಿ. ಕ್ಲಚ್ ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಬಾಗಿರಬೇಕು, ಬೆನ್ನೊರಗು ನೆಟ್ಟಗಲ್ಲದೆ ಕೊಂಚ ಹಿಂದಕ್ಕಿರಬೇಕು, ಸೊಂಟದ ಕುಳಿಗೆ ಸುತ್ತಿದ ಟವಲು, ಹಿಂದಿನ ಜೇಬಿನ ಪರ್ಸ್ ಡ್ಯಾಶ್‌ಬೋರ್ಡಿಗೆ. ಇಳಿದ ಕೂಡಲೇ ಕ್ಯಾರಿಯರ್ ಮೇಲಿನ ಲಗೇಜು ಎತ್ತಬೇಡಿ, ಎರಡು ಮೂರು ನಿಮಿಷ ನಡೆದಾಡಿ ಎತ್ತಿ. ಕಾಲಿನಲ್ಲಿ ಬಲ ಕಡಿಮೆಯಾದರೆ, ಕೂರುವ ಜಾಗ ಜೋಮು ಹಿಡಿದರೆ, ಮೂತ್ರದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ನೀವು ಬರೆಯದ ಒಂದನ್ನು ಸೇರಿಸುತ್ತೇನೆ. ಶನಿವಾರ ಸಂಜೆ ನಾಗೋಡಿ ದಾಟಿ ಕೊಲ್ಲೂರು ಘಾಟಿ ಇಳಿಯುವಾಗ ಬ್ರೇಕ್ ಸುಟ್ಟ ವಾಸನೆ ಬಂದರೆ ಲೈನರ್ ಬಗ್ಗೆ ಮಾತ್ರ ಯೋಚಿಸಬೇಡಿ. ನಿದ್ದೆಗೆಟ್ಟವರು ತಿರುವನ್ನು ತಡವಾಗಿ ಗಮನಿಸುತ್ತಾರೆ, ಮೊದಲೇ ಗೇರ್ ಇಳಿಸುವ ಬದಲು ಕಾಲು ಬ್ರೇಕ್ ಮೇಲೆಯೇ ಇರುತ್ತದೆ. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರ್. ನ್ಯೂಟ್ರಲ್ ಹಾಕಿದರೆ ಡೀಸೆಲ್ ಉಳಿಯುತ್ತದೆ ಎಂದು ಓನರ್ ಹೇಳಿದರೆ ಕೇಳಬೇಡಿ. ಈಗಿನ ಎಲೆಕ್ಟ್ರಾನಿಕ್ ಪಂಪಿನ ಎಂಜಿನ್‌ಗಳಲ್ಲಿ ಗೇರ್‌ನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಡೀಸೆಲ್ ಪೂರೈಕೆಯೇ ನಿಲ್ಲುತ್ತದೆ, ನ್ಯೂಟ್ರಲ್‌ನಲ್ಲಿ ಎಂಜಿನ್ ನಡೆಯಲು ಡೀಸೆಲ್ ಬೇಕೇ ಬೇಕು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 3 ದರ್ಜೆಯ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಡೆಯಬೇಕು ಎಂಬುದು ಮಾನದಂಡ. ನೀರು ಸೇರಿದ್ದಕ್ಕೆ ಆ ಅಂಕಿ 140 ಮಾತ್ರ. ಕುದ್ದರೆ ಪೆಡಲ್ ಪಾತಾಳಕ್ಕೆ. ನಮ್ಮ ಮಳೆಗೆ ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು.

ಉಳಿದದ್ದು ಓನರ್ ಜತೆಗಿನ ಮಾತು, ಅದು ಎಲ್ಲಕ್ಕಿಂತ ಕಷ್ಟ. ಬಾಟಾ, ಅಂದರೆ ಭತ್ಯೆ, ದಿನದ ಲೆಕ್ಕ, ಟ್ರಿಪ್ ಬೇಡವೆಂದರೆ ಮುಂದಿನ ವಾರ ಕೀ ಬೇರೆಯವರ ಕೈಗೆ. ಆದರೂ ಕೇಳಲು ನಿಮ್ಮ ಬಳಿ ಅಳತೆಗೋಲಿದೆ. ಐದು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆಂದು ಬಂದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಹಾಕಿಕೊಟ್ಟಿದ್ದ ಲೆಕ್ಕವಿದು: ದಿನಕ್ಕೆ 8 ಗಂಟೆ, ದೂರದ ಮಾರ್ಗದಂತಹ ಸಂದರ್ಭಗಳಲ್ಲಿ 10, ಐದು ಗಂಟೆಗೆ ಮುಂಚೆ ಕನಿಷ್ಠ ಅರ್ಧ ಗಂಟೆ ಬಿಡುವು, ಒಂದು ದಿನದ ಕೆಲಸ ಮುಗಿದು ಮರುದಿನದ್ದು ಶುರುವಾಗುವ ನಡುವೆ 9 ಗಂಟೆ ವಿಶ್ರಾಂತಿ. ಆ ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸ ಕಾರ್ಮಿಕ ಸಂಹಿತೆ ಬಂದಿದೆ, ಒಂದೇ ಗಾಡಿಯ ಓನರ್‌ಗೆ ಹಳೆಯದೂ ತಗಲುತ್ತಿರಲಿಲ್ಲವೇನೋ, ಆದರೆ ಗಾಡಿ ಒಂದಿರಲಿ ಹತ್ತಿರಲಿ ಚಾಲಕನ ಮೈ ಅದೇ. ಮೂರು ದಾರಿಗಳಿವೆ. ಶುಕ್ರವಾರದ ಶಾಲೆ ಟ್ರಿಪ್ಪಿಗೆ ಬದಲಿ ಚಾಲಕನನ್ನು ಹಾಕಿ ನಿಮ್ಮನ್ನು ಮಧ್ಯಾಹ್ನದವರೆಗೆ ಮಲಗಲು ಬಿಡುವುದು. ಖರ್ಚು ಕಡಿಮೆ, ಆದರೆ ಭಾನುವಾರದ ರಾತ್ರಿಗೆ ಪರಿಹಾರವಲ್ಲ. ಎರಡನೇ ಚಾಲಕನನ್ನು ಕಳಿಸುವುದು. ಸುರಕ್ಷಿತ, ಆದರೆ ಒಂದು ಸೀಟು, ಒಂದು ಬಾಟಾ ಹೋಗುತ್ತದೆ. ಮೂರನೆಯದು ನನಗೆ ಹೆಚ್ಚು ಸರಿ ಕಾಣುವುದು: ರಾತ್ರಿ ಹತ್ತರ ಬದಲು ಬೆಳಗ್ಗೆ ಐದಕ್ಕೆ ಬೆಂಗಳೂರು ಬಿಡುವುದು, ಭಾನುವಾರ ರಾತ್ರಿ ಶಿವಮೊಗ್ಗದಲ್ಲೋ ಚಿಕ್ಕಮಗಳೂರಿನಲ್ಲೋ ಉಳಿದು ಸೋಮವಾರ ಬೆಳಗ್ಗೆ ಹೊರಡುವುದು. ಕೆಲವು ಪಾರ್ಟಿಗಳು ಬೇರೆ ಗಾಡಿ ಹುಡುಕುತ್ತವೆ, ಅದು ನಿಜವಾದ ನಷ್ಟ. ಆದರೆ ಮಕ್ಕಳನ್ನು ಕರೆದುಕೊಂಡು ಬರುವ ಕುಟುಂಬಗಳಿಗೆ ಕಾರಣ ಹೇಳಿದರೆ ಒಪ್ಪುತ್ತವೆ. ಬುಕಿಂಗ್ ವೇಳೆಯೇ ಹೇಳಬೇಕು, ಹತ್ತಿ ಕೂತ ಮೇಲಲ್ಲ. ಜತೆಗೆ ಚಾಲಕರಿಗೆ ಮಲಗಲು ಜಾಗ ಬೇಕು ಎಂಬುದೂ ಬುಕಿಂಗ್ ಮೆಸೇಜಿನಲ್ಲಿರಲಿ.

ನಿದ್ರಾ ಪರೀಕ್ಷೆಯ ವರದಿ ಬಂದು ಚಿಕಿತ್ಸೆ ಹಿಡಿಯುವವರೆಗೆ ರಾತ್ರಿ ಹನ್ನೆರಡರಿಂದ ಐದರವರೆಗೆ ಜನರನ್ನು ಕೂರಿಸಿಕೊಂಡು ಓಡಿಸಬೇಡಿ. ಎರಡು ಸಲ ಕಣ್ಣು ಮುಚ್ಚಿದವರಿಗೆ ಇದಕ್ಕಿಂತ ಸಡಿಲವಾದ ಸಲಹೆ ಕೊಡಲು ನನ್ನಿಂದಾಗದು. ಶಾಲೆ ಟ್ರಿಪ್ ಮುಂದುವರಿಸಬಹುದೇ ಎಂಬುದನ್ನು ನಿಮ್ಮನ್ನು ಪರೀಕ್ಷಿಸಿದ ವೈದ್ಯರು ಹೇಳಲಿ. ಅಲ್ಲಿಯವರೆಗೆ ಹಗಲಲ್ಲೂ ತೂಕಡಿಕೆ ಬಂದರೆ ಮಕ್ಕಳ ಗಾಡಿಯನ್ನೂ ಬೇರೆಯವರಿಗೆ ಕೊಡಿ. ಮುಂದಿನ ಶುಕ್ರವಾರದ ಬುಕಿಂಗ್ ಆಗಿಹೋಗಿದ್ದರೆ ಓನರ್‌ಗೆ ಇವತ್ತೇ ಫೋನ್ ಮಾಡಿ, ಬದಲಿ ಚಾಲಕ ಹುಡುಕಲು ಅವರಿಗೂ ನಾಲ್ಕು ದಿನ ಬೇಕು.